ಈರಕ್ಕನ ಮೊಳ

ರಾಯದುರ್ಗದ ಬೆಟ್ಟದ ಬುಡದ ಬಡಗಿಗಳ ಕೇರಿಯಲ್ಲಿ ಮೌನಾಚಾರಿಯ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಮಾತು ಎಲ್ಲಿಂದ ಕೇಳಿಬರುತ್ತಿತ್ತೋ ಅದೇ ಅವನ ಮನೆ. ಹಿರಿಯರು ಮೌನೇಶ್ವರನಿಗೆ ಹರಕೆ ಹೊತ್ತು ಆ ಹೆಸರಿಟ್ಟಿದ್ದರೇ ಹೊರತು ಮಗುವಿನ ಬಾಯಿ ನೋಡಿ ಇಟ್ಟಿರಲಿಲ್ಲ. ಕೆಲಸದ ನಡುವೆ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಾಗ ಮಾತ್ರ ಕೇರಿಗೆ ಒಂದಿಷ್ಟು ಬಿಡುವು. ಇಷ್ಟು ಹೇಳಿ ಅವನನ್ನು ಸದ್ಯಕ್ಕೆ ಪಡಸಾಲೆಯಲ್ಲೇ ಬಿಟ್ಟು ನಾವು ಒಳಗೆ ಹೋಗೋಣ. ಯಾಕೆಂದರೆ ಇದು ಅವನ ಹೆಂಡತಿ ಈರಕ್ಕನ ಕಥೆ.

ಈರಕ್ಕ ಮಡಕಶಿರಾ ಕಡೆಯ ಅಗಳಿಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು "ಐತೆ" ಅಂದರೆ ಕೇರಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರು "ಐತಿ" ಅಂದಾಗ ಅವಳೂ ಒಳಗೊಳಗೇ ನಗುತ್ತಿದ್ದಳು, ಹಾಗಾಗಿ ಲೆಕ್ಕ ಸಮವಾಗಿತ್ತು. ಜೋಳದ ರೊಟ್ಟಿಯ ಮನೆಗೆ ಅವಳು ರಾಗಿ ಮುದ್ದೆಯ ರುಚಿ ಹತ್ತಿಸಿದಳು. ಗಂಡನ ಮಾತಿನಲ್ಲಿ ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಹಾದುಹೋಗಲು ಬಿಡಬೇಕು ಎಂಬುದನ್ನು ಕಲಿತಳು. ಒಬ್ಬ ಮಗನನ್ನು ಹೆತ್ತು ಬೆಳೆಸಿ, ಕಮ್ಮಾರಿಕೆ ಕಲಿಯಲಿ ಎಂದು ಅಗಳಿಗೆ ತನ್ನ ಅಣ್ಣನ ಹತ್ತಿರ ಕಳಿಸಿದಳು. ಇಷ್ಟೆಲ್ಲ ಆದರೂ ಕೇರಿಗೆ ಅವಳಿನ್ನೂ "ಅಗಳಿಯಾಕಿ"ಯೇ.

ಅತ್ತೆ ಕಾಳಮ್ಮ ಇರುವವರೆಗೆ ಮನೆಯೊಳಗೂ ಅವಳಿಗೆ ಅದೇ ಹೆಸರು. ಕಾಳಮ್ಮ ಕೆಟ್ಟವಳೇನಲ್ಲ. ಆದರೆ ಅಡುಗೆಮನೆಯ ಮೂಲೆಯಲ್ಲಿ ಮಡಕೆಯ ಮೇಲೆ ಮಡಕೆ ಪೇರಿಸಿ, ಅದರ ಮುಂದೆ ಮಣೆ ಹಾಕಿಕೊಂಡು ಕೂತಳೆಂದರೆ ಚಿಟಿಕೆ ಉಪ್ಪು ಬೇಕಾದರೂ ಸೊಸೆ ಅವಳ ಮುಂದೆ ಕೈಯೊಡ್ಡಬೇಕು. ಅವಳು ತೀರಿಕೊಂಡು ವರ್ಷದ ಕಾರ್ಯ ಮುಗಿದ ಮೇಲೆ ಈರಕ್ಕ ಆ ಮಡಕೆಗಳನ್ನು ಒಂದೊಂದಾಗಿ ಇಳಿಸಿದಳು. ಅರ್ಧದಷ್ಟು ಬಿರುಕು ಬಿಟ್ಟಿದ್ದವು, ಒಂದರಲ್ಲಿ ಇಲಿ ಸಂಸಾರ ಹೂಡಿತ್ತು. ಖಾಲಿಯಾದ ಮೂಲೆಯನ್ನು ನೋಡುತ್ತ ಅವಳು ಬಹಳ ಹೊತ್ತು ನಿಂತಳು.

ಆಗಲೇ ಅವಳಿಗೆ ಬಂಗಲೆಯ ಕಪಾಟು ನೆನಪಾದದ್ದು. ಹಿಂದೊಮ್ಮೆ ಪ್ರವಾಸಿ ಬಂಗಲೆಯ ಬಾಗಿಲು ದುರಸ್ತಿಗೆ ಹೋಗಿದ್ದ ಗಂಡನಿಗೆ ಬುತ್ತಿ ಕೊಡಲು ಹೋದಾಗ ಅಲ್ಲಿಯ ಅಡುಗೆಮನೆಯಲ್ಲಿ ಅದನ್ನು ಕಂಡಿದ್ದಳು. ಮೂಲೆಗೆ ಬೆನ್ನು ಕೊಟ್ಟು ನಿಂತ ಕಪಾಟು. ಎರಡು ಗೋಡೆಗೆ ಎರಡು ಪಕ್ಕಗಳು ಅಂಟಿಕೊಂಡಿದ್ದವು, ಎದುರಿಗೆ ತಂತಿಜಾಲರಿಯ ಬಾಗಿಲು. ಮದ್ರಾಸಿನಿಂದ ಬರುವ ಸಾಹೇಬರ ಬೆಣ್ಣೆ ಒಳಗೆ ಕಾಣುವಂತೆಯೇ ಇತ್ತು. ಬೆಕ್ಕು ಎದುರು ಕೂತು ನೋಡುತ್ತಿತ್ತು, ನೋಡುವುದು ಬಿಟ್ಟು ಇನ್ನೇನೂ ಮಾಡಲಾಗುತ್ತಿರಲಿಲ್ಲ. ಬೆಕ್ಕಿನ ಆ ಮುಖ ಈರಕ್ಕನಿಗೆ ಬಹಳ ಹಿಡಿಸಿತ್ತು.

"ನಂಗೂ ಅಂಥದೊಂದು ಮಾಡ್ಕೊಡ್ರೀ," ಎಂದಳು ಗಂಡನಿಗೆ. "ಬರೀ ಬೆಕ್ಕಿನ ಕಾಟಕ್ಕಲ್ಲ. ಈ ಮನೇಲಿ ನಂದು ಅಂತ ಒಂದು ಮೂಲೆ ಬೇಕು ನಂಗೆ."

"ಅದಕೇನ, ಮಾಡೂಣು," ಎಂದ ಮೌನಾಚಾರಿ.

ಬಡಗಿಯ ಬಾಯಲ್ಲಿ "ಮಾಡೂಣು" ಅಂದರೆ ಏನೆಂದು, ಬಾಗಿಲಿಲ್ಲದ ಮನೆಯಲ್ಲಿ ಅದರ ಜಾಗಕ್ಕೆ ಚಾಪೆ ಕಟ್ಟಿಕೊಂಡು ಮಲಗಿದವರಿಗೆಲ್ಲ ಗೊತ್ತು. ಮರ ಇಲ್ಲ ಎಂದ, ಕೈ ಬಿಡುವಿಲ್ಲ ಎಂದ, ಆಷಾಢ ಎಂದ. ಕೊನೆಗೆ ಹಿತ್ತಲಿನ ಬೇವಿನ ಮರವೇ ಗಾಳಿಗೆ ಉರುಳಿ ಬಿತ್ತು. ಅದನ್ನು ಕೊಯ್ಯಿಸಿ, ಹಲಗೆಗಳು ಒಣಗಿ ಪಡಸಾಲೆಯ ಗೋಡೆಗೆ ಒರಗಿ ನಿಂತ ಮೇಲೆ ಅವನ ನೆಪಗಳೆಲ್ಲ ತೀರಿಹೋದವು. ಬೇವಿನ ಹಲಗೆಗೆ ಹುಳ ಬೀಳುವುದಿಲ್ಲ, ಅಡುಗೆಮನೆಗೆ ಅದಕ್ಕಿಂತ ಒಳ್ಳೆಯದು ಬೇಡ.

ಇಲ್ಲಿ ಮೌನಾಚಾರಿಯ ಕಸುಬಿನ ವಿಷಯ ಒಂದಿಷ್ಟು ಹೇಳಬೇಕು. ಅವನು ಹಳೆಯ ಪದ್ಧತಿಯ ಬಡಗಿ. ಬಾಗಿಲಾಗಲಿ, ಮಂಚವಾಗಲಿ, ಅಳೆಯುವುದು ಆ ಮನೆಯ ಯಜಮಾನನ ಕೈಯಿಂದ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಅಷ್ಟುದ್ದದ ಕಡ್ಡಿ ಕತ್ತರಿಸಿ, ಇಪ್ಪತ್ತನಾಲ್ಕು ಭಾಗ ಮಾಡಿ ಗೆರೆ ಕೊರೆದರೆ ಒಂದೊಂದು ಭಾಗ ಒಂದೊಂದು ಅಂಗುಲ. ಸೂರಪ್ಪನ ಬಾಗಿಲಿಗೆ ಸೂರಪ್ಪನ ಅಂಗುಲ, ಸುಂಕಪ್ಪನ ಮಂಚಕ್ಕೆ ಸುಂಕಪ್ಪನ ಅಂಗುಲ. ಕೆಲಸ ಮುಗಿದ ಮೇಲೂ ಆ ಕಡ್ಡಿಗಳನ್ನು ಎಸೆಯುವಂತಿಲ್ಲ. ಎಲ್ಲವನ್ನೂ ಕಟ್ಟು ಕಟ್ಟಿ ಪಡಸಾಲೆಯ ತೊಲೆಗೆ ತೂಗುಹಾಕಿದ್ದ. ಹಾಗೆ ನೋಡಿದರೆ ಅರ್ಧ ರಾಯದುರ್ಗದ ಕೈಗಳು ಅವನ ನೆತ್ತಿಯ ಮೇಲೆ ನೇತಾಡುತ್ತಿದ್ದವು. ತಾಲ್ಲೂಕು ಕಚೇರಿಯ ಬೆಂಚುಗಳಿಗೆ ಮಾತ್ರ ಇಂಚಿನ ಪಟ್ಟಿ. "ಸರ್ಕಾರಕ್ಕ ಕೈ ಎಲ್ಲೈತಿ? ಬರೇ ಬಾಯಿ. ಅದಕ್ಕ ಇಂಚು," ಅನ್ನುತ್ತಿದ್ದ.

ಅಳೆದ ಮೇಲೆ ಆಯ ನೋಡಬೇಕು. ಉದ್ದವನ್ನೂ ಅಗಲವನ್ನೂ ಗುಣಿಸಿ, ಎಂಟರಿಂದ ಭಾಗಿಸಿ, ಏನು ಉಳಿಯಿತೆಂದು ನೋಡುವುದೇ ಆಯ. ಒಂದು ಉಳಿದರೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ಎತ್ತು, ಏಳಕ್ಕೆ ಆನೆ. ಇವೆಲ್ಲ ಶುಭ. ಎರಡು ಉಳಿದರೆ ಹೊಗೆ, ನಾಲ್ಕಕ್ಕೆ ನಾಯಿ, ಆರಕ್ಕೆ ಕತ್ತೆ, ಏನೂ ಉಳಿಯದಿದ್ದರೆ ಕಾಗೆ. ಇವು ಬಂದರೆ ಮೌನಾಚಾರಿ ಉಳಿ ಮುಟ್ಟುತ್ತಿರಲಿಲ್ಲ, ನೀವು ತಲೆಕೆಳಗಾಗಿ ನಿಂತರೂ ಅಷ್ಟೆ.

ಈ ಪದ್ಧತಿಯೆಲ್ಲ ಈರಕ್ಕನಿಗೂ ಬಾಯಿಪಾಠ. ಯಾವುದಾದರೂ ಮನೆಗೆ ಹೆಂಗಸೇ ಯಜಮಾನಿಯಾಗಿದ್ದರೆ ಬಡಗಿ ಅವಳ ಕೈ ಮುಟ್ಟುವಂತಿಲ್ಲವಲ್ಲ, ಆಗ ಕಡ್ಡಿ ಹಿಡಿದು ಇದ್ದಿಲಿನಿಂದ ಗುರುತು ಹಾಕುತ್ತಿದ್ದವಳೇ ಅವಳು. ಹಾಗಾಗಿ ಮೂಲೆ ಅಳೆಯುವ ದಿನ ಅವಳು ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಬಳೆಗಳನ್ನು ಹಿಂದಕ್ಕೆ ಸರಿಸಿ ಅಡುಗೆಮನೆಯ ಬಾಗಿಲಲ್ಲಿ ಸಿದ್ಧಳಾಗಿ ನಿಂತಿದ್ದಳು.

ಮೌನಾಚಾರಿ ಬಂದ. "ಸ್ವಲ್ಪ ಸರಿ," ಎಂದು ಅವಳನ್ನು ಪಕ್ಕಕ್ಕೆ ಸರಿಸಿ ನೇರ ಗೋಡೆಯ ಹತ್ತಿರ ಹೋದ. ಅವನ ಕೈಯಲ್ಲಿದ್ದದ್ದು ಅವನದೇ ಕಡ್ಡಿ, ಎಣ್ಣೆ ಕುಡಿದು ಕಪ್ಪಗಾದದ್ದು.

ಈರಕ್ಕನಿಗೆ ಚುರುಕ್ಕೆಂದಿತು. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ಅವನು "ಅದಕೇನ, ನಿನ್ನ ಕೈಯ್ಯಾಗ ಅಳಿಯೂಣು" ಎಂದು ತಕ್ಷಣ ಒಪ್ಪುತ್ತಿದ್ದ, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಹೇಳಿ ಅಳೆಸಿಕೊಂಡರೆ ಏನು ಬಂತು? ಇಷ್ಟು ವರ್ಷ ಅನ್ನ ಉಂಡವನಿಗೆ ಈ ಅಡುಗೆಮನೆ ಯಾರದೆಂದು ತಾನಾಗಿ ಹೊಳೆಯಬೇಕು. ಅವಳಿಗೆ ಬೇಕಾಗಿದ್ದದ್ದು ಅದು. ಬಳೆಗಳನ್ನು ಮುಂದಕ್ಕೆ ಬಿಟ್ಟುಕೊಂಡು ಅವಳು ಒಲೆಯ ಮುಂದೆ ಹೋಗಿ ಕೂತಳು.

ಮೌನಾಚಾರಿ ಒಂದು ಗೋಡೆಗೆ ಬೆಳಕಿಂಡಿಯವರೆಗೆ ಅಳೆದ, ಇಪ್ಪತ್ತೆಂಟು ಅಂಗುಲ. ಇನ್ನೊಂದಕ್ಕೆ ಒಲೆಯ ಕಟ್ಟೆಯವರೆಗೆ ಅಳೆದ, ಇಪ್ಪತ್ತಾರು. ಕಣ್ಣು ಮುಚ್ಚಿ ಗುಣಿಸಿದ, ಭಾಗಿಸಿದ. ಏನೂ ಉಳಿಯಲಿಲ್ಲ.

"ಎಲಾ ಇದರ! ಕಾಗಿ ಬಂತಲ್ಲ!" ಎಂದ. "ಅಡಿಗಿಮನ್ಯಾಗ ಕಾಗಿ ಕುಂತ್ರ ಅನ್ನ ನಿಲ್ಲಂಗಿಲ್ಲ."

ಒಂದು ಕಡೆ ಒಂದಂಗುಲ ಇಳಿಸಿದ, ಕತ್ತೆ ಬಂತು. ಅದನ್ನು ಬಿಟ್ಟು ಇನ್ನೊಂದು ಕಡೆ ಇಳಿಸಿದ, ನಾಯಿ ಬಂತು. ಎರಡೂ ಕಡೆ ಇಳಿಸಿದರೆ ಶುಭವೇನೋ ಬರುತ್ತಿತ್ತು, ಆದರೆ ಆಗ ಈರಕ್ಕನ ಹಿತ್ತಾಳೆ ಡಬರಿ ಒಳಗೆ ಹಿಡಿಯುತ್ತಿರಲಿಲ್ಲ. ಹಿಗ್ಗಿಸೋಣವೆಂದರೆ ಒಂದು ಕಡೆ ಬೆಳಕಿಂಡಿ, ಒಂದು ಕಡೆ ಒಲೆ.

"ಡಬರಿ ಒಂದು ಸಣ್ಣದು ತಂದ್ರ ಹೆಂಗ?" ಎಂದು ಕೇಳಿದ. ಕೇಳಬಾರದಿತ್ತು.

"ಆ ಡಬರಿ ಅಗಳಿಯಿಂದ ನನ್ ಜೊತೇಲೇ ಬಂದಿದ್ದು," ಎಂದಳು ಈರಕ್ಕ. "ಅದಕ್ಕೂ ಜಾಗ ಇಲ್ವಾ ಈ ಮನೇಲಿ? ಅಷ್ಟು ಕಷ್ಟ ಆದ್ರೆ ಇಂಚಿನ ಪಟ್ಟೀಲಿ ಅಳ್ದು ಮುಗಿಸ್ರಿ."

"ಇಂಚಿನ್ಯಾಗ? ಇದೇನು ಕಚೇರಿಯೇನ?" ಎಂದು ಅವನು ಗದರಿಕೊಂಡು ಹೊರಗೆ ಹೋದ.

ಮರುದಿನ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಒಂದೇ ಮುದ್ದೆ. ಸಾರು ಕಲಸಿಕೊಂಡು ನುಂಗಿ, ಕೈ ನೆಕ್ಕಿಕೊಂಡು ಮೌನಾಚಾರಿ ಕಾದ.

"ಇನ್ನೊಂದು ಹಾಕು."

"ಆಯ ನೋಡ್ದೆ ರೀ," ಎಂದಳು ಈರಕ್ಕ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ. "ಒಂದಾದ್ರೆ ಧ್ವಜ, ಒಳ್ಳೇದು. ಎರಡಾದ್ರೆ ಹೊಗೆ ಬರ್ತೈತೆ."

"ಹಂಗಾದ್ರ ಮೂರು ಹಾಕು. ಸಿಂಹ ಆಗ್ಲಿ."

"ಹಿಟ್ಟಿಡೋಕೆ ಮೂಲೆ ಸಿಗ್ಲಿ, ಆಮೇಲೆ ನೋಡೋಣ."

ಬೇರೆಯವರ ಮನೆಯಲ್ಲಿ ಉಂಡು ಕೈ ತೊಳೆಯುವ ಪದ್ಧತಿ ಅವರ ಜನದಲ್ಲಿಲ್ಲ. ಊರೆಲ್ಲ ಕರೆದರೂ ಮೌನಾಚಾರಿ ಉಣ್ಣಬೇಕಾದದ್ದು ಈರಕ್ಕನ ಕೈಯಲ್ಲೇ, ಅವಳು ಹಾಕಿದಷ್ಟೇ. ಹಸಿದ ಹೊಟ್ಟೆಯಲ್ಲಿ ಅವನು ಆ ಮೂಲೆಯೊಂದಿಗೆ ಗುದ್ದಾಡಿದ. ಗೋಡೆಯ ಗಾರೆಯನ್ನು ಕೆರೆದು ಅಂಗುಲ ಹೆಚ್ಚಿಸಲು ನೋಡಿದ, ಅಪ್ಪ ಕಟ್ಟಿದ ಮಣ್ಣುಗೋಡೆ ಬುಟ್ಟಿಗಟ್ಟಲೆ ಉದುರಿತು. ಒಲೆಯನ್ನೇ ಒಂದಿಷ್ಟು ಆಚೆ ಸರಿಸಿದರೆ ಹೇಗೆಂದು ಗುದ್ದಲಿ ಹಿಡಿದು ಬಂದ. ಈರಕ್ಕ ಒಲೆಗೆ ಅಡ್ಡ ನಿಂತಳು, ಸೊಂಟಕ್ಕೆ ಕೈ ಕೊಟ್ಟುಕೊಂಡು. ಗುದ್ದಲಿ ಬಂದ ದಾರಿಯಲ್ಲೇ ವಾಪಸು ಹೋಯಿತು. ಊರಿನವರ ಅಳತೆಗಳನ್ನೆಲ್ಲ ಸಲೀಸಾಗಿ ಬಗೆಹರಿಸುತ್ತಿದ್ದವನಿಗೆ ತನ್ನ ಮನೆಯ ಮೂಲೆ ಬಗ್ಗಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನು ಕೈ ಚೆಲ್ಲಿದ. "ಈ ಮೂಲಿಗೇ ದೋಷ ಐತಿ. ಬಿಟ್ಟುಬಿಡು. ನಮ್ಮವ್ವ ಇಟ್ಟಿದ್ದಂಗ ಮಡಿಕಿ ಪೇರಿಸಿಬಿಡೂಣು. ಆಕಿ ಕಾಲದಾಗ ಏನು ಕಡಿಮಿ ಆಗಿತ್ತು?"

ಈರಕ್ಕ ಹಿತ್ತಲಿಗೆ ಹೋಗಿ ಬೇವಿನ ಮರವಿದ್ದ ಗುಂಡಿಯ ಪಕ್ಕ ಕೂತು ಅತ್ತಳು. ಕಪಾಟಿಗಾಗಿ ಅಳುವ ಹೆಂಗಸಲ್ಲ ಅವಳು. ತಲೆ ನರೆಯುವ ಹೊತ್ತಿಗೂ ಇನ್ನೊಬ್ಬರ ಅಡುಗೆಮನೆಯಲ್ಲೇ ಇದ್ದೇನಲ್ಲ ಎಂದು ಅವಳಿಗೆ ಅಳು ಬಂತು.

ಅದೇ ಹೊತ್ತಿಗೆ ಮುಂಬಾಗಿಲಿಗೆ ಮೈಲಾರಮ್ಮ ಬಂದಳು. ಡಿ. ಹಿರೇಹಾಳ್ ಕಡೆಯ ಕುರಿಯವರ ಮನೆಯ ಹೆಂಗಸು, ಮಾತು ಜೋರು, ನಗು ಇನ್ನೂ ಜೋರು. ಹೊಸ ಮನೆ ಕಟ್ಟಿಸುತ್ತಿದ್ದಾಳೆ, ತಲೆಬಾಗಿಲು ಆಗಬೇಕು. ಗೋಡೆಗೆ ಒರಗಿದ ಬೇವಿನ ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಇವೇ ಆಗ್ತಾವೇನ್ರಿ ಆಚಾರ್ರ, ನಮ್ ಬಾಗಿಲಿಗೆ?"

"ಆಗ್ತಾವ," ಎಂದ ಮೌನಾಚಾರಿ ನಿಟ್ಟುಸಿರು ಬಿಟ್ಟು. ಹಿತ್ತಲಿಂದ ಒಳಗೆ ಬರುತ್ತಿದ್ದ ಈರಕ್ಕನಿಗೆ ಅದು ಕೇಳಿಸಿತು. ಮುಗಿಯಿತು, ಹಲಗೆಯೂ ಹೋಯಿತು ಎಂದುಕೊಂಡು ಮುಖ ಒರೆಸಿಕೊಂಡಳು.

"ನಿಮ್ ಯಜಮಾನ್ರನ್ನ ಒಮ್ಮಿ ಕಳಿಸ್ರಿ, ಕೈ ಅಳಿಬೇಕು," ಎಂದ ಮೌನಾಚಾರಿ.

ಮೈಲಾರಮ್ಮ ನಕ್ಕಳು. "ಆತ ಕುರಿ ಹಿಂದ ಹ್ವಾದ್ರ ಬರೋದು ಯುಗಾದಿಗೆ. ಆತನ ಕೈಯಾಗ ಕುರಿ ಅದಾವ, ಮನಿ ನನ್ ಕೈಯಾಗೈತಿ. ನಂದೇ ಅಳಿರಿ." ಸೆರಗು ಸರಿಸಿ ತೋಳನ್ನು ಮುಂದೆ ಚಾಚಿದಳು.

ಅದರಲ್ಲಿ ಮೌನಾಚಾರಿಗೆ ಹೊಸತೇನೂ ಕಾಣಲಿಲ್ಲ. "ಏ, ಕೇಳಿಸ್ತೇನು? ಸ್ವಲ್ಪ ಬಾ ಇಲ್ಲಿ," ಎಂದು ಹೆಂಡತಿಯನ್ನು ಕರೆದ. ಈರಕ್ಕ ಬಂದಳು. ಮೈಲಾರಮ್ಮನ ಮೊಣಕೈಯನ್ನು ಹಲಗೆಯ ಮೇಲೆ ಇರಿಸಿ, ಬೆರಳುಗಳನ್ನು ನೆಟ್ಟಗೆ ಮಾಡಿ, ಕಡ್ಡಿ ಇಟ್ಟು ಇದ್ದಿಲಿನಿಂದ ಗುರುತು ಹಾಕಿದಳು.

ಮೈಲಾರಮ್ಮನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ತಲೆಯೆತ್ತಿ ತೊಲೆಗೆ ತೂಗುಹಾಕಿದ ಕಟ್ಟನ್ನು ನೋಡಿದಳು.

"ಅಬ್ಬಬ್ಬಾ, ಊರ ಮಂದೀ ಕೈ ಎಲ್ಲ ಇಲ್ಲೇ ಅದಾವಲ್ಲ! ನಿನ್ ಕಡ್ಡಿ ಯಾವ್ದವ್ವಾ ಇದ್ರಾಗ?"

"ನಂದಿಲ್ಲ," ಎಂದಳು ಈರಕ್ಕ.

"ಯಾಕ? ಈ ಮನಿ ನಿಂದಲ್ಲೇನು?"

ಸುಮ್ಮನೆ ಕೇಳಿದ ಮಾತು, ಅದರಲ್ಲಿ ಕುಹಕವಿರಲಿಲ್ಲ. ಈರಕ್ಕ ಇದ್ದಿಲನ್ನು ಕೆಳಗಿಟ್ಟು ಎದ್ದು ಒಳಗೆ ಹೋದಳು. ಮೌನಾಚಾರಿಯ ತುಟಿಯಲ್ಲಿ ಆಗ ಒಂದು ಮೊಳೆಯೂ ಇರಲಿಲ್ಲ. ಆದರೂ ಅವನಿಗೆ ಮಾತು ಬರಲಿಲ್ಲ. ತೊಲೆಯ ಕಟ್ಟನ್ನು ನೋಡಿದ, ಅಡುಗೆಮನೆಯ ಬಾಗಿಲನ್ನು ನೋಡಿದ,  ಮತ್ತೆ ಕಟ್ಟನ್ನು ನೋಡಿದ. ಕೇರಿಯವರು ಆ ಹೊತ್ತಿನಲ್ಲಿ ಆಚಾರಿ ಊರಲ್ಲಿಲ್ಲವೆಂದೇ ಅಂದುಕೊಂಡಿರಬೇಕು.

"ಈ ಹಲಗಿ ನಿಮಗಲ್ರಿ," ಎಂದ ಕಡೆಗೆ. "ನಿಮ್ ಬಾಗಿಲಿಗೆ ಒಳ್ಳೇ ಮತ್ತಿ ಮರದ ಹಲಗಿ ತರಸ್ತೀನಿ. ಇವು ಒಳಗ ಬೇಕಾಗ್ಯಾವ."

ಮೈಲಾರಮ್ಮ ಹೋದ ಮೇಲೆ ಅವನು ಬೇವಿನ ಚಕ್ಕೆಯೊಂದನ್ನು ಆರಿಸಿಕೊಂಡು ನಯವಾಗಿ ಹೆರೆದ. ಹೆರೆದದ್ದು ಸಾಲದೆಂದು ಮತ್ತೊಮ್ಮೆ ಹೆರೆದ. ಆಮೇಲೆ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು, ಬೇರೆಯವರ ಮನೆಗೆ ಬಂದವನ ಹಾಗೆ, "ಒಳಗ ಬರಬೌದೇನು?" ಎಂದ.

ಈರಕ್ಕ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆಯೆತ್ತಲಿಲ್ಲ.

"ಕೈ ಚಾಚು," ಎಂದ.

"ಯಾಕೆ? ಮೈಲಾರಮ್ಮ ಹೇಳಿದ್ಲು ಅಂತಾನಾ?"

ಇಲ್ಲಿ ಅವನು ಸುಳ್ಳು ಹೇಳಬಹುದಿತ್ತು. ಅಷ್ಟು ಮಾತುಗಾರನಿಗೆ ಒಂದು ಸುಳ್ಳು ದೊಡ್ಡದಲ್ಲ. "ಆಕಿ ಹೇಳ್ಲಿಲ್ಲ, ಕೇಳಿದ್ಲು," ಎಂದ. "ನನಗ ಉತ್ತರ ಬರ್ಲಿಲ್ಲ. ನಾಚಿಕಿ ಬಂತು. ಬಂದವರ ಕೈ ಎಲ್ಲ ಅಳೆದೆ, ಮನ್ಯಾಗಿನ ಕೈ ಮರತೆ."

ಈರಕ್ಕ ಜರಡಿ ಕೆಳಗಿಟ್ಟಳು. ಹಿಟ್ಟು ಹತ್ತಿದ ಕೈಯನ್ನು ಹಾಗೆಯೇ ಚಾಚಿದಳು. ಮೌನಾಚಾರಿ ಅವಳ ಮೊಣಕೈಯನ್ನು ಅಂಗೈಯಲ್ಲಿ ಹಿಡಿದುಕೊಂಡ. ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆಯೊಂದು ಕಂಡಿತು.

"ಇದ್ಯಾವಾಗ ಆತು?"

"ಬಂದ ಹೊಸದ್ರಲ್ಲಿ. ಈ ಒಲೆ ನಂಗೆ ಹೊಸದು."

"ನಾ ನೋಡೇ ಇಲ್ಲಲ್ಲ," ಎಂದು ಅವನು ಮೆಲ್ಲಗೆ ಹೇಳಿ, ಕಡ್ಡಿ ಇಟ್ಟು ಗುರುತು ಹಾಕಿದ.

ಅವಳ ಮೊಳ ಅವನದಕ್ಕಿಂತ ಗಿಡ್ಡ, ಅಂಗುಲವೂ ಚಿಕ್ಕದು, ಹಾಗಾಗಿ ಅದೇ ಗೋಡೆಗೆ ಅಂಗುಲಗಳು ಹೆಚ್ಚು ಹಿಡಿದವು. ಬೆಳಕಿಂಡಿಯವರೆಗೆ ಮೂವತ್ತೊಂದು, ಒಲೆಯವರೆಗೆ ಇಪ್ಪತ್ತೊಂಬತ್ತು. ಗೋಡೆ ಅಲ್ಲಾಡಲಿಲ್ಲ, ಒಲೆ ಕದಲಲಿಲ್ಲ, ಡಬರಿಯೂ ಇದ್ದಷ್ಟೇ ಇತ್ತು. ಮೌನಾಚಾರಿ ಕಣ್ಣು ಮುಚ್ಚಿ ಗುಣಿಸಿದ, ಭಾಗಿಸಿದ. ಕಣ್ಣು ಬಿಟ್ಟು ಇನ್ನೊಮ್ಮೆ ಭಾಗಿಸಿದ.

"ಮೂರು ಉಳೀತು," ಎಂದ. "ಸಿಂಹ!" ಹೋಗಿದ್ದ ಮಾತೆಲ್ಲ ಒಟ್ಟಿಗೆ ವಾಪಸು ಬಂತು. "ಅಡಿಗಿಮನ್ಯಾಗ ಸಿಂಹ ಐತಿ ಅಂತ ನನಗ ಮೊದ್ಲಿಂದಾನೂ ಗೊತ್ತಿತ್ತು ಬಿಡು!"

"ಗೊತ್ತಿದ್ದೋರು ಇಷ್ಟು ದಿನ ಯಾಕೆ ಕಾಗೆ ಹಿಡ್ಕೊಂಡು ಕೂತಿದ್ರಿ?" ಎಂದು ಈರಕ್ಕ ನಗಲು ಹೋದಳು, ನಗುವಿನ ಜೊತೆ ಕಣ್ಣೀರೂ ಬಂತು. ಹಿಟ್ಟಿನ ಕೈಯಲ್ಲೇ ಒರೆಸಿಕೊಂಡಾಗ ಮುಖವೆಲ್ಲ ಬೆಳ್ಳಗಾಯಿತು. ಅವಳಿಗೆ ತುಂಬ ಸಂತೋಷವಾಗಿತ್ತು.

ಕೆಲಸ ಶುರುವಾದ ಮೇಲೆ ಮೌನಾಚಾರಿಯನ್ನು ಹಿಡಿಯುವವರಿಲ್ಲ. ಅಪ್ಪನ ಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು, ಮೂಲೆಮಟ್ಟ ಇಟ್ಟರೆ ಸಂದಿಯಲ್ಲಿ ಇಲಿ ನುಸುಳುವಷ್ಟು ಜಾಗ. ಹಿಂಬದಿಯ ಹಲಗೆಗಳನ್ನು ಗೋಡೆಯ ಹೊಟ್ಟೆಗೆ ತಕ್ಕ ಹಾಗೆ ಕೆತ್ತಿ ಕೆತ್ತಿ ಕೂಡಿಸಿದ. ಜಾಲರಿ ಬಳ್ಳಾರಿಯಿಂದ ಬಂತು. ಇರುವೆ ಹತ್ತದಂತೆ ಕಾಲುಗಳನ್ನು ನೀರು ತುಂಬಿದ ಕಲ್ಲುಬಟ್ಟಲುಗಳಲ್ಲಿ ನಿಲ್ಲಿಸಿದ್ದಾಯಿತು. ಕೆಳಗಿನ ಹಂತದಲ್ಲಿ ಅಗಳಿಯ ಡಬರಿ ಸರಿಯಾಗಿ ಹೋಗಿ ಕೂತಿತು. ಕೇರಿಯ ಬೆಕ್ಕು ಬಂದು ಜಾಲರಿಯ ಎದುರು ಕೂತು, ಬಂಗಲೆಯ ಬೆಕ್ಕಿನ ಮುಖವನ್ನೇ ಮಾಡಿತು. ಅವತ್ತು ಮೌನಾಚಾರಿಯ ತಟ್ಟೆಗೆ ಮೂರು ಮುದ್ದೆ ಬಿತ್ತು. ಮೂರನೆಯದನ್ನು ಮುಗಿಸಲು ಅವನಿಂದ ಆಗಲಿಲ್ಲ.

ಬೇವಿನ ಕಡ್ಡಿಯನ್ನು ತೊಲೆಯ ಕಟ್ಟಿಗೆ ಸೇರಿಸಲು ಅವನು ಏಣಿ ಹಾಕಿದಾಗ ಈರಕ್ಕ ಕೆಳಗಿನಿಂದ ಕೈ ಚಾಚಿದಳು. "ಇಲ್ಲಿ ಕೊಡ್ರಿ. ಅದು ಊರೋರ ಜೊತೆ ಇರೋದು ಬೇಡ." ಕಡ್ಡಿ ಕಪಾಟಿನ ಮೇಲಿನ ಹಂತಕ್ಕೆ ಹೋಯಿತು.

ಕೆಲವು ವರ್ಷಗಳ ಮೇಲೆ, ಅಗಳಿಯಿಂದ ವಾಪಸು ಬಂದ ಮಗನ ಮದುವೆಯಾಯಿತು. ಗುಡಿಬಂಡೆ ಕಡೆಯಿಂದ ಸೊಸೆ ಬಂದಳು, ಹೆಸರು ಪಾಪಕ್ಕ. ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಸೆರಗಿನ ತುದಿ ಸುತ್ತುತ್ತಿದ್ದಳು. ಆ ನಿಲುವನ್ನು ಈರಕ್ಕ ಚೆನ್ನಾಗಿ ಬಲ್ಲಳು.

"ರೀ, ಒಂದು ಕಡ್ಡಿ ಹೆರೆದು ತನ್ನಿ," ಎಂದು ಪಡಸಾಲೆಗೆ ಕೂಗಿದಳು.

"ಯಾವ ಕೆಲಸಕ್ಕ?"

"ಕೆಲಸ ಆಮೇಲೆ ಹುಡುಕಿದ್ರಾಯ್ತು. ಮೊದ್ಲು ಕಡ್ಡಿ ತನ್ನಿ."

ಮೌನಾಚಾರಿ ಹೆರೆದು ತಂದುಕೊಟ್ಟ. ಈರಕ್ಕ ಸೊಸೆಯ ಮೊಣಕೈ ಹಿಡಿದು ಒಳಗೆ ಎಳೆದುಕೊಂಡಳು. ಹುಡುಗಿ ಹೆದರಿದಳು.

"ಯಾಕತ್ತೆ? ನಾನೇನು ಮಾಡ್ದೆ?"

"ಏನೂ ಮಾಡಿಲ್ಲ ಕಣವ್ವ. ನಂಗೆ ಈ ಮೂಲೆ ಸಿಗೋಕೆ ಇಪ್ಪತ್ತು ವರ್ಷ ಆಯ್ತು. ನೀನ್ಯಾಕೆ ಅಷ್ಟು ಕಾಯ್ಬೇಕು? ಕೈ ಚಾಚು."

ಪಾಪಕ್ಕನ ಮೊಳ ಈರಕ್ಕನದಕ್ಕಿಂತ ಒಂದು ಗೆರೆ ಉದ್ದವಿತ್ತು. ಎರಡೂ ಕಡ್ಡಿಗಳನ್ನು ಕಪಾಟಿನ ಮೇಲಿನ ಹಂತದಲ್ಲಿ ಪಕ್ಕಪಕ್ಕದಲ್ಲಿಟ್ಟು, ಈರಕ್ಕ ಜಾಲರಿಯ ಬಾಗಿಲು ಹಾಕಿದಳು.